ಡೈನೋಸಾರ್ ಮೂಳೆಗೆ ನಾನು ಕೊಟ್ಟ ಅಪ್ರೂವಲ್

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಒಂದು ಪಾಪ ಇದೆ. ಜೊತೆಯವರು ಬರೆದ ಕೋಡ್ ರಿವ್ಯೂಗೆ ಬರುತ್ತೆ. ನಾನೂರು ಸಾಲು. ನಮಗೆ ಮುಂದಿನ ಮೀಟಿಂಗಿಗೆ ಹೊತ್ತಾಗಿರುತ್ತೆ, ಹೊಟ್ಟೆ ಹಸಿದಿರುತ್ತೆ. ಮೊದಲ ಹತ್ತು ಸಾಲು ನೋಡಿ ‘ಚೆನ್ನಾಗಿದೆ’ ಅಂತ ಬರೆದು ಅಪ್ರೂವ್ ಒತ್ತಿಬಿಡ್ತೀವಿ. ಆಮೇಲೆ ರಾತ್ರಿ ಎರಡು ಗಂಟೆಗೆ ಏನಾದರೂ ಕೆಟ್ಟು ನಿಂತಾಗ, ಒಪ್ಪಿಗೆ ಕೊಟ್ಟವರ ಜಾಗದಲ್ಲಿ ನಮ್ಮದೇ ಹೆಸರು ಕೂತಿರುತ್ತೆ.

ಈಚೆಗೆ ನಾನು ಇದೇ ಪಾಪವನ್ನು ಒಂದು ಕಲ್ಲಿನ ವಿಷಯದಲ್ಲಿ ಮಾಡಿದೆ. ರಿವ್ಯೂಗೆ ಕಳಿಸಿದವನು ಅಕ್ಕನ ಮಗ. ವಯಸ್ಸು ಹತ್ತು.

ಅವನಿಗೆ ಡೈನೋಸಾರ್ ಹುಚ್ಚು. ಊಟಕ್ಕೆ ಕೂತರೆ ಟಿ-ರೆಕ್ಸ್, ಎದ್ದರೆ ಟ್ರೈಸೆರಟಾಪ್ಸ್. ಅಕ್ಕನ ಮನೆ ಇರುವುದು ಅಶೋಕಪುರಂ ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಅವರ ಪಕ್ಕದ ಸೈಟಿನಲ್ಲಿ ಪಾಯ ತೋಡಿದ್ದರು. ಮಣ್ಣಿನ ರಾಶಿ ಕಂಡರೆ ಹುಡುಗರು ಬಿಡ್ತಾರಾ? ಒಂದು ಸಂಜೆ ನಾನು ಕ್ಲೈಂಟ್ ಕಾಲ್‌ನಲ್ಲಿದ್ದಾಗ ಅವನ ವಿಡಿಯೋ ಕರೆ ಬಂತು. ಪರದೆ ತುಂಬ ಕಪ್ಪಗಿನ, ತೂತು ತೂತಾದ ಏನೋ ಒಂದು.

“ಮಾಮ, ಇದು ಡೈನೋಸಾರ್ ಮೂಳೆ ಅಲ್ವಾ?”

ಆ ಕಡೆ ಮ್ಯಾನೇಜರ್ ನನ್ನ ಹೆಸರು ಕರೀತಿದ್ದರು. “ಹೌದು ಕಣೋ ಮರಿ, ಇರಬಹುದು, ಸೂಪರ್!” ಅಂದು ಕರೆ ಕಟ್ ಮಾಡಿದೆ. ಅವನು ‘ಇರಬಹುದು’ ಅನ್ನೋದನ್ನ ಬಿಟ್ಟು ‘ಹೌದು’ ಅನ್ನೋದನ್ನ ಮಾತ್ರ ಇಟ್ಟುಕೊಂಡ. ತಪ್ಪು ಅವನದಲ್ಲ.

ಗುರುವಾರ ಅಕ್ಕನ ಫೋನು. “ಏನಂತ ಹೇಳಿದ್ದೀಯೋ ಅವನಿಗೆ? ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದಾನೆ. ಶನಿವಾರ ಸ್ಕೂಲಲ್ಲಿ ವಸ್ತುಪ್ರದರ್ಶನ. ಅಲ್ಲಿಡ್ತಾನಂತೆ.”

ಸಂಜೆ ಹೋದೆ. ಶೂ ಡಬ್ಬಿಯಲ್ಲಿ ಹತ್ತಿ ಹಾಸಿ ಮೂರು ಕಲ್ಲು ಮಲಗಿಸಿದ್ದ. ಮೊದಲನೆಯದು ಅದೇ ಕಪ್ಪು ತೂತಿನ ಕಲ್ಲು. ಎರಡನೆಯದು ಬೂದು ಬಣ್ಣದ್ದು. ಮೇಲೆ ಅಲೆ ಅಲೆಯಾಗಿ ಸುಕ್ಕು, ಮುರಿದ ಕಡೆ ಹಸಿರು ಗಾಜಿನ ಹೊಳಪು. ಅದು ‘ಡೈನೋಸಾರ್ ಚರ್ಮ’ವಂತೆ. ಮೂರನೆಯದು ಹಗುರ, ಕರ್ರಗೆ ಮಿರಮಿರ, ಪದರ ಪದರ. ಅದು ‘ಕಲ್ಲಾದ ಮರ’. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ:

‘ಡೈನೋಸಾರ್ ಪಳೆಯುಳಿಕೆಗಳು. ಸಿಕ್ಕ ಸ್ಥಳ: ಮೈಸೂರು. ಪರೀಕ್ಷಿಸಿದವರು: ನನ್ನ ಮಾಮ, ಇಂಜಿನಿಯರ್.’

ಕೊನೆಯ ಸಾಲು ಓದಿದಾಗ ಹೊಟ್ಟೆಯಲ್ಲಿ ಏನೋ ಆಯ್ತು. ಕಲ್ಲನ್ನು ಕೈಯಲ್ಲಿ ಹಿಡಿದ ತಕ್ಷಣ ನನಗೇ ಅನುಮಾನ. ಅವನು ಹೋಂವರ್ಕಿಗೆ ಕೂತಾಗ ಫೋನ್ ತೆಗೆದು, ಫೋಟೋ ನೋಡಿ ವಸ್ತು ಗುರುತಿಸುವ ಆ್ಯಪ್‌ಗೆ ತೋರಿಸಿದೆ. ಮೊದಲ ಫೋಟೋಗೆ ಹವಳದ ಪಳೆಯುಳಿಕೆ ಅಂತು. ಕಲ್ಲನ್ನು ಸ್ವಲ್ಪ ತಿರುಗಿಸಿದೆ, ಉಲ್ಕಾಶಿಲೆ ಅಂತು. ಟ್ಯೂಬ್‌ಲೈಟ್ ಕೆಳಗೆ ಹಿಡಿದೆ, ಚಾಕೊಲೇಟ್ ಕೇಕ್ ಅಂತು. ಅದರ ಮೇಲೆ ಸಿಟ್ಟು ಬರಲಿಲ್ಲ. ನೋಡದೇ ‘ಹೌದು’ ಅಂದ ನನಗಿಂತ ಅದು ಮೂರು ಸಲ ಹೆಚ್ಚೇ ನೋಡಿತ್ತು.

‘ಎಲ್ಲಿ ಸಿಕ್ಕಿತು?’

ಶುಕ್ರವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ, ಡಬ್ಬಿ ಹಿಡಿದು ನಮ್ಮ ಬೀದಿಯ ಮೇಷ್ಟ್ರ ಮನೆಗೆ ಹೋದೆ. ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕಾಫಿ ಲೋಟ ಕೆಳಗಿಟ್ಟರು. ಕಲ್ಲನ್ನು ಮುಟ್ಟಲೂ ಇಲ್ಲ.

“ಎಲ್ಲಿ ಸಿಕ್ಕಿತು?”

“ಅಶೋಕಪುರಂ ಹತ್ತಿರ ಸಾರ್, ಪಾಯ ತೋಡಿದ ಮಣ್ಣಲ್ಲಿ.”

“ಹಾಗಾದ್ರೆ ಅರ್ಧ ಉತ್ತರ ಆಗಲೇ ಬಂತಲ್ಲ” ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಪಳೆಯುಳಿಕೆ ಆಗಬೇಕಾದರೆ ಪ್ರಾಣಿಯೋ ಗಿಡವೋ ಸತ್ತ ಮೇಲೆ ಬೇಗ ಮರಳು, ಹೂಳು, ಕೆಸರಿನಡಿ ಮುಚ್ಚಿಹೋಗಬೇಕು. ಆ ಕೆಸರು ಪದರ ಪದರವಾಗಿ ಗಟ್ಟಿಯಾಗಿ ಕಲ್ಲಾಗಬೇಕು. ಮೂಳೆಯ ಸಂದುಗಳಲ್ಲಿ ಖನಿಜ ತುಂಬಬೇಕು. ಅಂದರೆ ಹುಡುಕಬೇಕಾದ್ದು ಜಲಜ ಶಿಲೆಯಲ್ಲಿ. ಮೈಸೂರಿನ ಅಡಿಯಲ್ಲಿರುವುದು ಬಹುಪಾಲು ನೈಸ್ ಅನ್ನುವ ಕಲ್ಲು. ಸುಮಾರು 300 ಕೋಟಿ ವರ್ಷ ಹಳೆಯದು, ಭೂಮಿಯ ಆಳದಲ್ಲಿ ಬೆಂದು ಹಿಂಡಿಸಿಕೊಂಡು ಬಂದದ್ದು. ಚಾಮುಂಡಿ ಬೆಟ್ಟದ ಗ್ರಾನೈಟ್ ಅದಕ್ಕಿಂತ ಚಿಕ್ಕದು, ಆದರೂ ಸುಮಾರು 80 ಕೋಟಿ ವರ್ಷದ್ದು. ಅದು ಕರಗಿದ ಶಿಲಾರಸ ತಣಿದು ಆದದ್ದು.

“ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಈ ಬೆಟ್ಟ ಹುಟ್ಟಿದಾಗ ಲೋಕದಲ್ಲಿ ಮೂಳೆ ಅನ್ನೋ ವಸ್ತುವೇ ಇರಲಿಲ್ಲ. ಶಿಲಾರಸದಲ್ಲಿ ಬಿದ್ದಿದ್ದರೂ ಉಳೀತಿರಲಿಲ್ಲ” ಅಂದರು ಮೇಷ್ಟ್ರು.

ಹಾಗಂತ ಕರ್ನಾಟಕದಲ್ಲಿ ಪಳೆಯುಳಿಕೆಯೇ ಇಲ್ಲ ಅಂತಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ, ಚಿತ್ರದುರ್ಗ ಸೀಮೆಯ ಹಳೆಯ ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೀರಿನಡಿ ಚಾಪೆಯಂತೆ ಹರಡಿ, ಪದರದ ಮೇಲೆ ಪದರ ಕಟ್ಟಿದ ಗುರುತು ಅವು. ಕಲಾದಗಿಯವು 100 ಕೋಟಿ ವರ್ಷಕ್ಕಿಂತ ಹಳೆಯವು, ಚಿತ್ರದುರ್ಗದವು 250 ಕೋಟಿ ವರ್ಷಕ್ಕಿಂತ ಹಳೆಯವು. ನೋಡೋಕೆ ಕತ್ತರಿಸಿದ ಎಲೆಕೋಸಿನ ಹಾಗಿರುತ್ತವೆ. ಹಲ್ಲಿಲ್ಲ, ಬಾಲವಿಲ್ಲ. ಹತ್ತು ವರ್ಷದ ಹುಡುಗನಿಗೆ ಹೇಳಿದರೆ ಮೂತಿ ತಿರುಗಿಸುತ್ತಾನೆ.

“ಇನ್ನೊಂದು ಪ್ರಶ್ನೆ” ಅಂದರು. “ಆ ಮಣ್ಣು ಆ ಸೈಟಿನದ್ದೇನಾ?”

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ತಗ್ಗಿನ ಸೈಟುಗಳನ್ನು ತುಂಬಿಸೋಕೆ ಲಾರಿಯಲ್ಲಿ ಎಲ್ಲೆಲ್ಲಿಂದಲೋ ಮಣ್ಣು ತಂದು ಸುರಿಯುತ್ತಾರೆ. ಹಳೇ ಗೋಡೆಯ ಚೂರು, ಹೆಂಚು, ಕಾರ್ಖಾನೆಯ ಕಸ, ಎಲ್ಲ ಅದರೊಳಗೆ. ಪಾಯ ತೋಡಿದಾಗ ಮೊದಲು ಸಿಗುವುದು ಈ ಇಪ್ಪತ್ತು ಮೂವತ್ತು ವರ್ಷದ ‘ಪುರಾತನ’ ಪದರ.

ಮೂರು ಕಲ್ಲು, ಮೂರು ಒಲೆ

ಆಮೇಲೆ ಮೇಷ್ಟ್ರು ಡಬ್ಬಿಗೆ ಕೈ ಹಾಕಿದರು. ಕಪ್ಪು ತೂತಿನ ಕಲ್ಲಿಗೆ ಒಂದು ಪುಟ್ಟ ಲೆನ್ಸ್ ಹಿಡಿದು ನನ್ನ ಕಣ್ಣಿಗೆ ಕೊಟ್ಟರು. ಬರಿಗಣ್ಣಿಗೆ ಮೂಳೆಯ ತೂತಿನಂತೆ ಕಂಡದ್ದು ಈಗ ಬೇರೆಯೇ ಕಂಡಿತು. ಒಂದು ಸಾಸಿವೆಯಷ್ಟು, ಪಕ್ಕದ್ದು ಕಡಲೆಯಷ್ಟು. ಒಂದಕ್ಕೊಂದು ಸಂಬಂಧವಿಲ್ಲ. ಒಳಗೋಡೆ ಗಾಜಿನಂತೆ ನುಣುಪು. ಅವು ಗುಳ್ಳೆಗಳು. ಬಿಸಿ ದ್ರವದೊಳಗೆ ಗಾಳಿ ಸಿಕ್ಕಿಕೊಂಡು ಹಾಗೇ ತಣಿದದ್ದು. ದೋಸೆಯ ಮೇಲೆ ಬರುತ್ತಲ್ಲ, ಹಾಗೆ.

ನಿಜವಾದ ಮೂಳೆಯಲ್ಲಿ ಒಂದು ವ್ಯವಸ್ಥೆ ಇರುತ್ತೆ. ಹೊರಗೆ ಗಟ್ಟಿಯಾದ ಗೋಡೆ, ಒಳಗೆ ಸ್ಪಂಜಿನಂಥ ಜಾಲ, ಆ ಜಾಲಕ್ಕೊಂದು ದಿಕ್ಕು. ಭಾರ ಹೊರೋಕೆ ಬೆಳೆದದ್ದು ಅದು. ಗುಳ್ಳೆಗೆ ಅಂಥ ಜವಾಬ್ದಾರಿ ಇಲ್ಲ.

ಅದು ಬಹುಶಃ ಕ್ಲಿಂಕರ್ ಅಂದರು. ಕಲ್ಲಿದ್ದಲು ಉರಿದಾಗ ಅದರಲ್ಲಿನ ಮಣ್ಣಿನಂಶ ಬೂದಿಯಾಗುತ್ತೆ. ಒಲೆಯ ಶಾಖ ಹೆಚ್ಚಾದರೆ ಆ ಬೂದಿಯೇ ಕರಗಿ ಗಟ್ಟಿ ಮುದ್ದೆಯಾಗುತ್ತೆ. ಉಗಿಬಂಡಿಯ ಕಾಲದಲ್ಲಿ ಫೈರ್‌ಮ್ಯಾನ್‌ಗಳು ಇಂಥ ಮುದ್ದೆಗಳನ್ನು ಕೆದಕಿ ಹೊರಗೆಳೆದು ಹಾಕಬೇಕಿತ್ತು. ಹಳೇ ರೈಲು ದಾರಿಯ ಅಕ್ಕಪಕ್ಕ ಇಂಥವು ಸಿಗೋದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮೂರಿನ ರೈಲ್ವೆ ಮ್ಯೂಸಿಯಂನಲ್ಲಿ 1979ರಿಂದ ನಿಂತಿರುವ ಎಂಜಿನ್‌ಗಳ ಹೊಟ್ಟೆಯಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ‘ಡೈನೋಸಾರ್ ಮೂಳೆ’ ಇದು.

ಎರಡನೆಯ, ಹಸಿರು ಗಾಜಿನ ಕಲ್ಲು ಕಿಟ್ಟ. ಕುಲುಮೆಯಲ್ಲಿ ಅದಿರಿನ ಜೊತೆ ಇದ್ದಿಲೋ ಕೋಕೋ, ಸುಣ್ಣಕಲ್ಲು ಹಾಕಿ ಕರಗಿಸುತ್ತಾರೆ. ಅದಿರಿನ ಬೇಡದ ಭಾಗ ಸುಣ್ಣದ ಜೊತೆ ಸೇರಿ ದ್ರವವಾಗಿ, ಕಬ್ಬಿಣಕ್ಕಿಂತ ಹಗುರವಾದ್ದರಿಂದ ಮೇಲೆ ತೇಲುತ್ತೆ. ಅದನ್ನು ಹೊರಕ್ಕೆ ಹರಿಸುತ್ತಾರೆ. ಹರಿಯುತ್ತಾ ತಣಿಯುವಾಗ ಮೇಲ್ಮೈ ಸುಕ್ಕುಗಟ್ಟುತ್ತೆ, ಕೆನೆಗಟ್ಟಿದ ಹಾಲನ್ನು ಓರೆ ಮಾಡಿದಾಗ ಆಗುತ್ತಲ್ಲ, ಹಾಗೆ. ನಮ್ಮ ಹುಡುಗನ ‘ಡೈನೋಸಾರ್ ಚರ್ಮ’ ಅದೇ. ಮುರಿದರೆ ಒಡೆದ ಬಾಟಲಿಯ ಚೂರಿನಂತೆ ಚೂಪಾಗಿ, ಬಾಗಿದ ಮೈ ತೋರಿಸುತ್ತೆ.

ಈ ಕಲ್ಲು ಯಾವ ಕುಲುಮೆಯದ್ದು ಅಂತ ಮೇಷ್ಟ್ರು ಹೇಳಲಿಲ್ಲ. “ಲಾರಿ ಮಣ್ಣಿಗೆ ಊರು ಕೇಳಬಾರದು” ಅಂದರು. ಆದರೆ ನಮ್ಮ ನಾಡಿಗೆ ಕಿಟ್ಟ ಹೊಸದಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಅದಕ್ಕೂ ಬಹಳ ಹಿಂದೆ, 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಹಳ್ಳಿಗಳಲ್ಲಿ ಸಣ್ಣ ಕುಲುಮೆ ಕಟ್ಟಿ ಕಬ್ಬಿಣ, ಉಕ್ಕು ಮಾಡುತ್ತಿದ್ದುದನ್ನು ಕಂಡು ವಿವರವಾಗಿ ಬರೆದಿದ್ದಾರೆ. ಹೊಲ ಉಳುವಾಗ ಭಾರದ, ತುಕ್ಕು ಬಣ್ಣದ, ಗುಳ್ಳೆಗಲ್ಲು ಸಿಕ್ಕರೆ ಅದು ಯಾರದೋ ಮುತ್ತಜ್ಜನ ಕುಲುಮೆಯ ಗುರುತಿರಬಹುದು. ಪಳೆಯುಳಿಕೆ ಅಲ್ಲ, ಆದರೆ ಎಸೆಯುವಂಥದ್ದೂ ಅಲ್ಲ.

ಮೂರನೆಯದನ್ನು ಮೇಷ್ಟ್ರು ಒಂದು ಹಳೇ ಟೈಲ್ಸಿನ ಹಿಂಬದಿಗೆ ಉಜ್ಜಿದರು. ಕಾಡಿಗೆಯಂತೆ ಕಪ್ಪು ಗೀರು ಬಿತ್ತು, ಕೈಗೂ ಮಸಿ. ಕಲ್ಲಿದ್ದಲು. ಕಲ್ಲಾದ ಮರವಾಗಿದ್ದರೆ ಮಸಿ ಅಂಟುತ್ತಿರಲಿಲ್ಲ. ಅದರಲ್ಲಿ ಮರದ ಜಾಗವನ್ನೆಲ್ಲ ಬಿಳಿಕಲ್ಲಿನ ಜಾತಿಯ ಸಿಲಿಕಾ ತುಂಬಿರುತ್ತೆ. ತೂಕ ಜಾಸ್ತಿ, ಗಾಜನ್ನೇ ಗೀರುವಷ್ಟು ಗಟ್ಟಿ. ನೋಡಬೇಕು ಅಂದರೆ ತಮಿಳುನಾಡಿನ ವಿಲ್ಲುಪುರಂ ಹತ್ತಿರದ ತಿರುವಕ್ಕರೈಗೆ ಹೋಗಬೇಕು. ಅಲ್ಲಿ ಇಡೀ ಮರದ ಕಾಂಡಗಳೇ ಕಲ್ಲಾಗಿ ಬಿದ್ದಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಕಾಯ್ದುಕೊಂಡಿರುವ ಜಾಗ, ಚೂರನ್ನೂ ಜೇಬಿಗೆ ಹಾಕುವಂತಿಲ್ಲ.

ಇನ್ನೊಂದು ವಿಷಯ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಹೊರಗಿನಿಂದಲೇ ಬರಬೇಕು. ಹಾಗಾಗಿ ಮೈಸೂರಿನ ಮಣ್ಣಲ್ಲಿ ಕಲ್ಲಿದ್ದಲು ಕಂಡರೆ ಅದು ಮೊಳೆತದ್ದಲ್ಲ, ರೈಲು ಹತ್ತಿ ಬಂದದ್ದು.

ಮನೆಯಲ್ಲೇ ನೋಡುವ ಬಗೆ

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇಟ್ಟುಕೊಂಡ ಮಗು ಇರಬಹುದು. ಮೇಷ್ಟ್ರು ಹೇಳಿದ್ದನ್ನು ಫೋನಿನಲ್ಲಿ ಗುರುತು ಹಾಕಿಕೊಂಡೆ.

1. ಎಲ್ಲಿ ಸಿಕ್ಕಿತು? ಅಲ್ಲಿನ ಕಲ್ಲು ಯಾವುದು? ಮಣ್ಣು ಅಲ್ಲಿನದ್ದೇ, ತಂದು ಸುರಿದದ್ದೇ? ಹತ್ತಿರ ರೈಲು ದಾರಿ, ಕುಲುಮೆ, ಬಾಯ್ಲರ್, ಇಟ್ಟಿಗೆ ಗೂಡು ಇದೆಯೇ?

2. ದುಂಡು ಗುಳ್ಳೆ, ಗಾಜಿನ ಹೊಳಪು, ಹರಿದು ತಣಿದ ಸುಕ್ಕು ಕಂಡರೆ ಅದು ಒಂದು ಕಾಲಕ್ಕೆ ಕರಗಿದ್ದ ವಸ್ತು. ಕರಗಿದ್ದರಲ್ಲಿ ಮೂಳೆ, ಚಿಪ್ಪು ಉಳಿಯಲ್ಲ.

3. ಫ್ರಿಜ್ ಮೇಲಿನ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿಯಿರಿ. ಕಬ್ಬಿಣದ ಕಿಟ್ಟದಲ್ಲಿ ಲೋಹದ ಹನಿಗಳು ಉಳಿದಿದ್ದರೆ ಎಳೆಯುತ್ತೆ. ಪಳೆಯುಳಿಕೆ ಸಾಮಾನ್ಯವಾಗಿ ಎಳೆಯಲ್ಲ. ಎಳೆಯಲಿಲ್ಲ ಅಂದ ಮಾತ್ರಕ್ಕೆ ಪಳೆಯುಳಿಕೆ ಅಂತಲೂ ಅಲ್ಲ. ಮ್ಯಾಗ್ನೆಟ್ ಒಂದು ಸಾಕ್ಷಿ, ಜಡ್ಜ್ ಅಲ್ಲ.

4. ಟೈಲ್ಸಿನ ಹಿಂಬದಿಗೆ ಉಜ್ಜಿ. ಕಪ್ಪು ಮಸಿ ಬಿದ್ದು ಕಲ್ಲು ಹಗುರವಿದ್ದರೆ ಕಲ್ಲಿದ್ದಲು ಅಥವಾ ಇದ್ದಿಲು. ಇದ್ದಿಲಿನಲ್ಲಿ ಮರದ ಎಳೆ ಸ್ಪಷ್ಟವಾಗಿ ಕಾಣೋದರಿಂದ ಬೇಗ ಮೋಸ ಹೋಗ್ತೀವಿ.

5. ಜೀವಿಯ ಗುರುತಿನಲ್ಲಿ ಒಂದು ಲೆಕ್ಕ ಇರುತ್ತೆ. ಎಡ-ಬಲ ಸಮ, ಮತ್ತೆ ಮತ್ತೆ ಬರುವ ಗೆರೆ, ಬೆಳೆದ ಹಾಗೆ ಹಿಗ್ಗುವ ಸುರುಳಿ. ಇಲ್ಲೂ ಒಂದು ಬಲೆ ಇದೆ. ನೆಲಕ್ಕೆ ಹಾಸುವ ಕಲ್ಲಿನ ಮೇಲೆ ಒಮ್ಮೊಮ್ಮೆ ಜರಿಗಿಡದಂಥ ಚಿತ್ರ ಕಾಣುತ್ತಲ್ಲ, ಅದು ಗಿಡ ಅಲ್ಲ. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಹರಡಿ ಆದದ್ದು.

6. ಮೂಳೆಯ ಪಳೆಯುಳಿಕೆ ನಾಲಿಗೆಗೆ ಅಂಟುತ್ತೆ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ದಯವಿಟ್ಟು ಬೇಡ. ಕಿಟ್ಟದಲ್ಲಿ ಯಾವ ಲೋಹ ಇದೆಯೋ ಯಾರಿಗೆ ಗೊತ್ತು. ಒಡೆಯಲೂ ಹೋಗಬೇಡಿ, ಚೂರು ಕಣ್ಣಿಗೆ ಸಿಡಿಯುತ್ತೆ.

ದೊಡ್ಡವರೂ ಜಾರಿದ್ದಾರೆ

ನನ್ನ ಮುಖ ನೋಡಿ ಮೇಷ್ಟ್ರಿಗೆ ಏನನ್ನಿಸಿತೋ, ಇನ್ನೊಂದು ಲೋಟ ಕಾಫಿ ತರಿಸಿ ಬಳ್ಳಾರಿ ಕಡೆಯ ಬೂದಿದಿಬ್ಬಗಳ ಕಥೆ ಹೇಳಿದರು.

ಕುಡತಿನಿ, ಕಪ್ಪಗಲ್ಲು ಸುತ್ತಮುತ್ತ ಬೂದಿಯ ದೊಡ್ಡ ದಿಬ್ಬಗಳಿವೆ. ಅವುಗಳ ಒಳಗೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಗುಳ್ಳೆಗಲ್ಲು. ಊರವರು ಅದು ಭೀಮ ಕೊಂದ ರಾಕ್ಷಸನನ್ನು ಸುಟ್ಟ ಬೂದಿ ಅಂದರು. ಕೆಲವರಿಗೆ ಅದರಲ್ಲಿ ಜ್ವಾಲಾಮುಖಿಯ ಕಲ್ಲು ಕಂಡಿತು. ಕುಲುಮೆಯ ಕಿಟ್ಟ ಅಂದವರೂ ಇದ್ದರು. ಕೊನೆಗೆ ದಾರಿ ತೋರಿದ್ದು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮುಖ್ಯಸ್ಥರಾಗಿದ್ದವರು. ಅವರು ಹೇಳಿದ್ದು: ಇದು ಸುಟ್ಟ ಸಗಣಿ!

ನಾಲ್ಕೈದು ಸಾವಿರ ವರ್ಷದ ಹಿಂದೆ ಅಲ್ಲಿ ದನ ಸಾಕುತ್ತಿದ್ದವರು ರಾಶಿಗಟ್ಟಲೆ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರು. ಹುಲ್ಲಿನಲ್ಲಿ ಸಿಲಿಕಾ ಇರುತ್ತೆ, ದನದ ಹೊಟ್ಟೆ ದಾಟಿ ಸಗಣಿಗೂ ಬರುತ್ತೆ. ದೊಡ್ಡ ಬೆಂಕಿಯಲ್ಲಿ ಅದು ಕರಗಿ ಗಾಜಾಗುತ್ತೆ. ಮುಂದೆ ಆಲ್ಚಿನ್ ಅವರು ಉಟ್ನೂರಿನಲ್ಲಿ ಉತ್ಖನನ ಮಾಡಿ 1963ರಲ್ಲಿ ಪುಸ್ತಕ ಬರೆದಾಗ ಈ ದನಗಾಹಿಗಳ ಬದುಕು ಇನ್ನಷ್ಟು ತಿಳಿಯಿತು. ಅಂದರೆ ಕುಲುಮೆಯೇ ಇಲ್ಲದೆ ಕಿಟ್ಟ, ಜ್ವಾಲಾಮುಖಿಯೇ ಇಲ್ಲದೆ ಗುಳ್ಳೆಗಲ್ಲು.

ಇದು ಹಳೇ ಕಾಲದ ಮಾತಾಯ್ತು ಅಂತೀರಾ? 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂ ಕೆರೆಯಲ್ಲಿ ‘ಡೈನೋಸಾರ್ ಮೊಟ್ಟೆ’ ಸಿಕ್ಕಿತು ಅಂತ ಫೋಟೋಗಳು ಫೋನಿಂದ ಫೋನಿಗೆ ಓಡಿದವು. ತಜ್ಞರು ಹೋಗಿ ನೋಡಿದರೆ ಮೊಟ್ಟೆಯಲ್ಲ, ಹಳೇ ಸಮುದ್ರದ ಹೂಳು ಅಮೋನೈಟ್ ಚಿಪ್ಪಿನ ಸುತ್ತ ಉಂಡೆಗಟ್ಟಿದ್ದು.

2021ರಲ್ಲಿ ವಿಜ್ಞಾನಿಗಳೇ ಜಾರಿದರು. ಮಧ್ಯಪ್ರದೇಶದ ಭೀಮಬೆಟ್ಕಾ ಗುಹೆಯ ಗೋಡೆಯ ಮೇಲೆ ಡಿಕಿನ್ಸೋನಿಯಾ ಅನ್ನುವ ಅತಿ ಪುರಾತನ ಜೀವಿಯ ಗುರುತು ಕಂಡಿದೆ ಅಂತ ವಿಜ್ಞಾನ ಪತ್ರಿಕೆಯಲ್ಲೇ ಬರೆದರು. ಬೇರೆ ತಂಡ ಹೋಗಿ ನೋಡಿತು. ಅದು ಉದುರಿ ಬಿದ್ದ ಜೇನುಗೂಡಿನ ಗುರುತು. 2023ರಲ್ಲಿ ಅದೂ ಪ್ರಕಟವಾಯ್ತು. ಮೊದಲು ಬರೆದ ವಿಜ್ಞಾನಿ ತಪ್ಪಾಯ್ತು ಅಂತ ಒಪ್ಪಿಕೊಂಡರು.

“ಅವರಿಗೆ ಒಪ್ಪಿಕೊಳ್ಳೋಕೆ ಎರಡು ವರ್ಷ ಬೇಕಾಯ್ತು. ನಿನಗೆ ಇವತ್ತು ಸಂಜೆವರೆಗೆ ಟೈಮಿದೆ” ಅಂದರು ಮೇಷ್ಟ್ರು.

‘ನೀನೇ ಹೇಳಿದ್ದಲ್ಲಾ’

ಹೇಳೋಕೆ ಹೋದೆ. ದಾರಿಯುದ್ದಕ್ಕೂ ಸುಳ್ಳಿನ ಎರಡು ಮೂರು ದಾರಿಗಳು ಹೊಳೆದವು. ‘ಸ್ಕೂಲಲ್ಲಿ ಕಳೆದುಹೋದೀತು, ಮನೇಲೇ ಇಡು’ ಅನ್ನಬಹುದಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಹತ್ತು ವರ್ಷದ ಮಕ್ಕಳ ಪ್ರದರ್ಶನ ತಾನೇ. ಆದರೆ ಚೀಟಿಯ ಕೊನೆ ಸಾಲು ಬಿಡಲಿಲ್ಲ. ಪರೀಕ್ಷಿಸಿದವರು: ನನ್ನ ಮಾಮ.

ಪಕ್ಕ ಕೂರಿಸಿಕೊಂಡು ಹೇಳಿದೆ. ಗುಳ್ಳೆ ತೋರಿಸಿದೆ, ಮ್ಯಾಗ್ನೆಟ್ ತೋರಿಸಿದೆ. ಅವನು ಕಲ್ಲಿನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

“ನೀನೇ ಹೌದು ಅಂತ ಹೇಳಿದ್ದಲ್ಲಾ ಮಾಮ.”

“ಹೇಳಿದ್ದೆ. ನೋಡದೇ ಹೇಳಿದೆ ಕಣೋ. ಮೀಟಿಂಗಲ್ಲಿದ್ದೆ. ನನ್ನದೇ ತಪ್ಪು.”

ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾಳೆ ಸ್ಕೂಲಿಗೇ ಹೋಗಲ್ಲ ಅಂದ. ಊಟಕ್ಕೆ ಬರಲಿಲ್ಲ. ಅಕ್ಕ ನನ್ನ ಮುಂದೆ ತಟ್ಟೆ ಕುಕ್ಕಿ, “ಮೊದಲೇ ನೋಡಿ ಹೇಳೋಕೆ ಏನಾಗಿತ್ತು ನಿನಗೆ?” ಅಂದಳು. ಉತ್ತರ ಇರಲಿಲ್ಲ. ಆಫೀಸಿನಲ್ಲಾದರೆ ಕೆಟ್ಟ ಕೋಡನ್ನು ಹಿಂದಕ್ಕೆ ತೆಗೆದು ಹಳೆಯದನ್ನೇ ಹಾಕಬಹುದು. ಇಡೀ ಕ್ಲಾಸಿನ ಮುಂದೆ ಆಡಿದ ಮಾತನ್ನು ಆ ಹುಡುಗ ಹೇಗೆ ಹಿಂದಕ್ಕೆ ತೆಗೀತಾನೆ?

ಒಂಬತ್ತು ಗಂಟೆಗೆ ಬಾಗಿಲು ತೆರೆಯಿತು. ಕಣ್ಣು ಕೆಂಪಗಿತ್ತು. ಕೈಯಲ್ಲಿ ಪರಿಸರ ಅಧ್ಯಯನದ ಪುಸ್ತಕ.

“ಮಾಮ, ಇಲ್ಲಿ ನೋಡು. ಕಲ್ಲಿದ್ದಲು, ಪಳೆಯುಳಿಕೆ ಇಂಧನ ಅಂತ ಇದೆ. ಪಳೆಯುಳಿಕೆ!”

ನಾನು ಈ ಸಲ ತಕ್ಷಣ ಹೌದು ಅನ್ನಲಿಲ್ಲ. ಪುಸ್ತಕ ಇಸಕೊಂಡು ಓದಿದೆ. ಮೇಷ್ಟ್ರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಅವರು ನಕ್ಕು, “ಹುಡುಗ ಹೇಳೋದರಲ್ಲಿ ಅರ್ಥ ಇದೆ” ಅಂದರು. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು 25 ಕೋಟಿ ವರ್ಷಕ್ಕೂ ಹಿಂದಿನ ಜೌಗು ಕಾಡು. ಡೈನೋಸಾರ್‌ಗಿಂತ ಹಳೆಯದು. ಗಣಿಯಲ್ಲಿ ಕಲ್ಲಿದ್ದಲಿನ ಜೊತೆ ಬರುವ ಜೇಡಿಕಲ್ಲಿನ ಪದರಗಳಲ್ಲಿ ಗ್ಲಾಸಾಪ್ಟರಿಸ್ ಅನ್ನುವ ಗಿಡದ, ನಾಲಿಗೆಯಾಕಾರದ ಎಲೆಯ ಅಚ್ಚು ಸಿಗುತ್ತೆ. ಅದು ಅಪ್ಪಟ ಪಳೆಯುಳಿಕೆ. ಕಲ್ಲಿದ್ದಲಿನ ತುಂಡಿನಲ್ಲಿ ಎಲೆ ಕಾಣಲ್ಲ, ಆದರೆ ಒಳಗಿರೋದು ಆ ಕಾಡೇ.

“ಡೈನೋಸಾರ್‌ಗಿಂತ ಹಳೇದಾ?” ಅಂದ. ಆಮೇಲೆ, “ಅಮ್ಮ, ಊಟ ಹಾಕು” ಅಂದ.

ರಾತ್ರಿ ಹನ್ನೊಂದರವರೆಗೆ ಕೂತು ಹೊಸ ಚೀಟಿ ಬರೆದೆವು. ಮೇಲೆ ದೊಡ್ಡದಾಗಿ, ‘ಇವು ಡೈನೋಸಾರ್ ಅಲ್ಲ! ಹೇಗೆ ಗೊತ್ತಾಯ್ತು?’ ಪಕ್ಕದಲ್ಲಿ ದಾರ ಕಟ್ಟಿದ ಮ್ಯಾಗ್ನೆಟ್, ಟೈಲ್ಸ್ ಚೂರು, ನನ್ನ ಹಳೇ ಭೂತಗನ್ನಡಿ. ಕೊನೆಯ ಸಾಲಿನಲ್ಲಿ ಅವನು ನನ್ನ ಹೆಸರು ಹೊಡೆದುಹಾಕಿ, ‘ಪರೀಕ್ಷಿಸಿದವರು: ನಾನು’ ಅಂತ ಬರೆದ. ಸ್ವಲ್ಪ ಹೊತ್ತು ಯೋಚಿಸಿ ಕೆಳಗೆ ಚಿಕ್ಕದಾಗಿ, ‘ಸಹಾಯ: ಮಾಮ’.

ಶನಿವಾರ ಕೆಲವರು ರೇಗಿಸಿದರಂತೆ. “ಎಲ್ಲೋ ನಿನ್ನ ಡೈನೋಸಾರ್?” ಅಂತ. ಅವನು ಮ್ಯಾಗ್ನೆಟ್ ಕೈಗೆ ಕೊಟ್ಟು, “ನೀನೇ ನೋಡು” ಅಂದನಂತೆ. ಮ್ಯಾಗ್ನೆಟ್ ಅಂಟಿಸೋಕೆ ಹುಡುಗರ ಸಾಲು. ಬಹುಮಾನ ಬರಲಿಲ್ಲ. ಮೊದಲ ಬಹುಮಾನ ಎಂದಿನಂತೆ ಅಡುಗೆಸೋಡಾ ಜ್ವಾಲಾಮುಖಿಗೆ.

ದೇವರ ಮನೆಯಲ್ಲಿ

ಭಾನುವಾರ ಅವನನ್ನು ಕಾರಂಜಿ ಕೆರೆ ಹತ್ತಿರದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು ಅಂದುಕೊಂಡಿದ್ದೆ. 1995ರಿಂದ ಊರಲ್ಲೇ ಇದೆ, ನಾನು ಕೊನೆಗೆ ಹೋದದ್ದು ಹೈಸ್ಕೂಲಿನಲ್ಲಿ. ಹೋದೆವು ಕೂಡ. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆಯಿತು.

ಅಪ್ಪ ಪೂಜೆಗೆ ಕೂತಿದ್ದರು. ಕಥೆಯೆಲ್ಲ ಅವರ ಕಿವಿಗೂ ಬಿದ್ದಿತ್ತು. ಮೊಮ್ಮಗನನ್ನು ಕರೆದು, “ಸ್ನಾನ ಮಾಡಿ ಬಾ, ಒಂದು ತೋರಿಸ್ತೀನಿ” ಅಂದರು. ಭಾನುವಾರ ಹತ್ತು ಗಂಟೆಗೆ ಮುಂಚೆ ನೀರು ಮುಟ್ಟದವನು ಐದು ನಿಮಿಷದಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದ.

ಅಪ್ಪ ಸಂಪುಟದಿಂದ ಸಾಲಿಗ್ರಾಮ ತೆಗೆದು, ತುಳಸಿ ಸರಿಸಿ, ದೀಪದ ಬೆಳಕಿಗೆ ಹಿಡಿದರು. ನಮ್ಮ ಮುತ್ತಜ್ಜನ ಕಾಲದ್ದು, ನೇಪಾಳದ ಗಂಡಕಿ ನದಿಯದ್ದು. ಕಪ್ಪು ಕಲ್ಲಿನ ಸಣ್ಣ ಬಾಯಿಯೊಳಗೆ ಚಕ್ರ. ಒಂದೇ ಅಳತೆಯಲ್ಲಿ ಹಿಗ್ಗುತ್ತಾ ಹೋಗುವ ಸುರುಳಿ, ಅದರುದ್ದಕ್ಕೂ ಸಮ ಅಂತರದ ಪಕ್ಕೆಲುಬಿನಂಥ ಗೆರೆ. ಮೂವತ್ತು ವರ್ಷದಿಂದ ನಾನು ಅದರ ತೀರ್ಥ ಕುಡಿಯುತ್ತಿದ್ದೇನೆ. ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಹುಡುಗ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಗುಳ್ಳೆ ಇದೆಯಾ ನೋಡಿದ, ಇರಲಿಲ್ಲ. ಗೆರೆ ಎಣಿಸಿದ.

“ತಾತ, ಇದು ಅಮೋನೈಟ್. ಸಮುದ್ರದ ಪ್ರಾಣಿ. ಡೈನೋಸಾರ್ ಕಾಲದ್ದು” ಅಂದ, ಪಿಸುಮಾತಿನಲ್ಲಿ.

“ಇರಬಹುದಪ್ಪ. ನಮಗೆ ನಾರಾಯಣ” ಅಂದರು ಅಪ್ಪ, ಅಷ್ಟೇ ಮೆಲ್ಲಗೆ. ಹಿಮಾಲಯ ಏಳುವ ಮುಂಚೆ ಅಲ್ಲೊಂದು ಸಮುದ್ರವಿತ್ತು, ಅದರ ತಳದ ಕೆಸರು ಬೆಟ್ಟವಾಗಿ ಎದ್ದಿತು, ನದಿ ಅದನ್ನು ಕೊರೆದು ಈ ಕಲ್ಲನ್ನು ಕೆಳಗೆ ತಂದಿತು ಅಂತ ಹುಡುಗ ತಾತನಿಗೆ ಪಾಠ ಮಾಡಿದ. ತಾತ ಪೂರ್ತಿ ಕೇಳಿ, ತೀರ್ಥ ಕೊಟ್ಟರು.

ಮೊನ್ನೆ ನಮ್ಮ ಕಾಲೇಜು ಗ್ರೂಪಿನಲ್ಲಿ ಒಂದು ಫೋಟೋ ಬಂತು. ‘ಬಾವಿ ತೋಡುವಾಗ ಸಿಕ್ಕ ಡೈನೋಸಾರ್ ಮೊಟ್ಟೆ, ಎಲ್ಲರಿಗೂ ಶೇರ್ ಮಾಡಿ’ ಅಂತ. ತಮಾಷೆಗೆ ಅಕ್ಕನ ಫೋನಿಗೆ ಕಳಿಸಿದೆ. ನಾನು ಮೀಟಿಂಗಿಗೆ ಹೋಗೋ ಹೊತ್ತಿಗೆ ಉತ್ತರ ಬಂದಿತ್ತು.

“ಎಲ್ಲಿ ಸಿಕ್ತಂತೆ ಮಾಮ?”